ಇಲಿ ಜ್ವರದಿಂದ ಹೊಟ್ಟೆ ಹುಣ್ಣಿನವರೆಗೆ: ಸ್ಪ್ರಿಂಗ್‌ನಂತೆ ಸುತ್ತಿಕೊಂಡ ಬ್ಯಾಕ್ಟೀರಿಯಾ ತರುವ ಕಾಯಿಲೆಗಳಿವು

ಮಳೆಗಾಲ ಶುರುವಾಯ್ತು ಅಂದ್ರೆ ಜ್ವರದ ಸೀಸನ್ನೂ ಶುರು. ಮೈ ಬಿಸಿಯಾದ ಕೂಡಲೇ ಜನ ಮೊದಲು ಕೇಳೋದು 'ಡೆಂಗಿನಾ?' ಅಂತ. ರಕ್ತ ಪರೀಕ್ಷೆ ಮಾಡಿಸಿ, ಡೆಂಗಿ ಇಲ್ಲ, ಮಲೇರಿಯಾ ಇಲ್ಲ ಅಂತ ರಿಪೋರ್ಟ್ ಬಂದರೆ ಸಾಕು, ಮೆಡಿಕಲ್ ಶಾಪ್‌ನಿಂದ ನಾಲ್ಕು ಮಾತ್ರೆ ತಂದು ನುಂಗಿ ಮಲಗಿಬಿಡುತ್ತಾರೆ. ಮೀನಖಂಡ ಹಿಡಿದುಕೊಂಡಂತೆ ನೋಯುತ್ತಿದ್ದರೆ 'ಕೆಲಸ ಜಾಸ್ತಿ ಆಯ್ತು', ಕಣ್ಣು ಕೆಂಪಾಗಿದ್ದರೆ 'ನಿದ್ದೆ ಇಲ್ಲ' ಅನ್ನೋ ಸಮಾಧಾನ. ನಾಲ್ಕೈದು ದಿನ ಕಳೆದು ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾದಾಗಲೇ ಆಸ್ಪತ್ರೆ ನೆನಪಾಗೋದು. ಅಷ್ಟರಲ್ಲಿ ಇಲಿ ಜ್ವರ ಕಿಡ್ನಿಗೆ ಕೈ ಹಾಕಿರುತ್ತದೆ.

ಇಲಿ ಜ್ವರದ ವೈದ್ಯಕೀಯ ಹೆಸರು ಲೆಪ್ಟೋಸ್ಪೈರೋಸಿಸ್. ಇದನ್ನು ತರುವ ಬ್ಯಾಕ್ಟೀರಿಯಾ ಸ್ಪ್ರಿಂಗ್ ಥರ, ಕಾರ್ಕ್ ತೆಗೆಯುವ ತಿರುಪಿನ ಥರ ಸುತ್ತಿಕೊಂಡಿರುತ್ತದೆ. ಇದೇ ರೀತಿ ಸುರುಳಿ ಆಕಾರದ ಇನ್ನೂ ಕೆಲವು ಬ್ಯಾಕ್ಟೀರಿಯಾಗಳಿವೆ. ಒಂದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಇನ್ನೊಂದು ಸಿಫಿಲಿಸ್ ತರುತ್ತದೆ, ಮತ್ತೊಂದು ಹೇನಿನ ಮೂಲಕ ಹರಡುತ್ತದೆ. ಎಲ್ಲದರಲ್ಲೂ ಒಂದು ಸಾಮಾನ್ಯ ಅಂಶವಿದೆ: ಬೇಗ ಗೊತ್ತಾದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತವೆ. ತಡವಾದರೆ ಕಿಡ್ನಿ, ಲಿವರ್, ಮೆದುಳು, ಹೃದಯದವರೆಗೆ ಹೋಗುತ್ತವೆ.

ಸುರುಳಿ ಆಕಾರದಿಂದ ಏನು ಲಾಭ?

ಬ್ಯಾಕ್ಟೀರಿಯಾಗಳಲ್ಲಿ ಉರುಟಾದವು, ಕಡ್ಡಿಯಂತೆ ಉದ್ದವಾದವು, ಸುರುಳಿಯಾದವು ಎಂದು ಮುಖ್ಯವಾಗಿ ಮೂರು ಆಕಾರ. ನೀರಿನಲ್ಲಿ ಈಜುವುದಕ್ಕೆ ಯಾವ ಆಕಾರವಾದರೂ ನಡೆಯುತ್ತದೆ. ಆದರೆ ನಮ್ಮ ದೇಹದೊಳಗೆ ಎಲ್ಲ ಕಡೆ ನೀರಿನಂತೆ ತೆಳುವಾಗಿರುವುದಿಲ್ಲ. ಹೊಟ್ಟೆಯ ಒಳಗೋಡೆಯ ಮೇಲೆ ಗಂಜಿಯಂತೆ ದಪ್ಪನೆಯ ಲೋಳೆ ಇರುತ್ತದೆ. ಚರ್ಮದ ಕೆಳಗೆ ಜೀವಕೋಶಗಳು ಒತ್ತೊತ್ತಾಗಿರುತ್ತವೆ. ಇಂಥ ಜಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸಿಕ್ಕಿಹಾಕಿಕೊಂಡರೆ, ಸುರುಳಿಯಾಕಾರದವು ಮರಕ್ಕೆ ಸ್ಕ್ರೂ ಇಳಿದಂತೆ ತಿರುಗುತ್ತಾ ಒಳಗೆ ಹೋಗುತ್ತವೆ.

ಇಲಿ ಜ್ವರ ಮತ್ತು ಸಿಫಿಲಿಸ್ ತರುವ ಗುಂಪಿಗೆ ಸ್ಪೈರೋಕೀಟ್ ಎಂಬ ಹೆಸರು. ಇವುಗಳಲ್ಲಿ ಈಜುವ ಎಳೆಗಳು ಹೊರಗೆ ಬಾಲದಂತೆ ನೇತಾಡುವುದಿಲ್ಲ, ಮೈಯ ಹೊರ ಪದರದ ಒಳಗಡೆಯೇ ಸುತ್ತಿಕೊಂಡಿರುತ್ತವೆ. ಆ ಎಳೆ ತಿರುಗಿದರೆ ಇಡೀ ಮೈಯೇ ತಿರುಗುತ್ತದೆ. ಮೈ ಎಷ್ಟು ಸಪೂರ ಅಂದರೆ ಮಾಮೂಲಿ ಮೈಕ್ರೋಸ್ಕೋಪ್‌ನಲ್ಲಿ ಇವು ಕಾಣಿಸುವುದೇ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೆಳಕು ಬೀಳಿಸಿ ನೋಡುವ ವಿಶೇಷ ಮೈಕ್ರೋಸ್ಕೋಪ್ ಬೇಕು. ಲ್ಯಾಬ್‌ನಲ್ಲಿ ಮಲೇರಿಯಾಕ್ಕೆ ರಕ್ತ ನೋಡಿದ ಹಾಗೆ ಇದನ್ನು ನೋಡಿ ಹೇಳಲು ಆಗದಿರುವುದು ಇದೇ ಕಾರಣಕ್ಕೆ.

ಇಲಿ ಜ್ವರ ಬರೋದು ಹೇಗೆ?

ಇಲಿ, ಹೆಗ್ಗಣಗಳ ಕಿಡ್ನಿಯಲ್ಲಿ ಈ ಬ್ಯಾಕ್ಟೀರಿಯಾ ವಾಸವಾಗಿರುತ್ತದೆ. ಇಲಿಗೆ ಅದರಿಂದ ಕಾಯಿಲೆ ಏನೂ ಆಗುವುದಿಲ್ಲ, ಆದರೆ ಮೂತ್ರದಲ್ಲಿ ತಿಂಗಳುಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಹಸು, ಎಮ್ಮೆ, ಹಂದಿ, ನಾಯಿಗಳ ಮೂತ್ರದಲ್ಲೂ ಇರಬಹುದು. ಒದ್ದೆ ಮಣ್ಣು, ನಿಂತ ನೀರು, ಗದ್ದೆಯ ಕೆಸರಿನಲ್ಲಿ ಇದು ವಾರಗಟ್ಟಲೆ ಬದುಕುತ್ತದೆ. ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಹಾಗಾಗಿಯೇ ಇದು ಮಳೆಗಾಲದ ಕಾಯಿಲೆ.

ಮನುಷ್ಯನ ಮೈಗೆ ಹೊಗುವುದು ಗಾಯದ ಮೂಲಕ. ದೊಡ್ಡ ಗಾಯವೇ ಬೇಕಿಲ್ಲ. ಒಡೆದ ಹಿಮ್ಮಡಿ, ಚಪ್ಪಲಿ ಕಚ್ಚಿದ ಗುರುತು, ಕತ್ತಿ ತಾಗಿದ ಗೀರು, ನೀರಿನಲ್ಲಿ ನಿಂತು ನಿಂತು ಮೆದುವಾದ ಬೆರಳ ಸಂದಿ ಸಾಕು. ಕಣ್ಣು, ಮೂಗು, ಬಾಯಿಯ ಒಳಪದರದಿಂದಲೂ ಹೋಗುತ್ತದೆ. ಗದ್ದೆ ನಾಟಿಗೆ ಇಳಿದವರು, ಅಡಿಕೆ ತೋಟದ ಕಪ್ಪು ಬಿಡಿಸುವವರು, ಚರಂಡಿ ಸ್ವಚ್ಛ ಮಾಡುವ ಪೌರಕಾರ್ಮಿಕರು, ಕೊಟ್ಟಿಗೆ ಕೆಲಸದವರು, ಮೀನು ಮತ್ತು ಮಾಂಸದಂಗಡಿಯವರು ಹೆಚ್ಚು ಎಚ್ಚರದಲ್ಲಿರಬೇಕು. ದಿನಸಿ ಅಂಗಡಿ, ಅಕ್ಕಿ ಮಂಡಿ, ಹೋಟೆಲ್, ಗೋಡೌನ್ ನಡೆಸುವವರೂ ಈ ಪಟ್ಟಿಯಲ್ಲಿದ್ದಾರೆ. ಕಾಳು ಇರುವಲ್ಲಿ ಇಲಿ ಇದ್ದೇ ಇರುತ್ತದಲ್ಲ!

ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ಇದು ಹರಡುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಇಲಿ ಜ್ವರ ಬಂದರೆ ಅವರನ್ನು ದೂರ ಇಡಬೇಕಾಗಿಲ್ಲ. ಆದರೆ ಅದೇ ಗದ್ದೆ, ಅದೇ ಗೋಡೌನ್‌ನಲ್ಲಿ ಜೊತೆಗೆ ಕೆಲಸ ಮಾಡಿದವರಿಗೆ ಜ್ವರ ಬಂದರೆ ಅವರೂ ಪರೀಕ್ಷೆ ಮಾಡಿಸಬೇಕು.

ನೆರೆ ಬಂದಲ್ಲಿ ಇಲಿ ಜ್ವರವೂ ಹಿಂದೆಯೇ ಬರುತ್ತದೆ. 2005ರ ಜುಲೈ ಪ್ರವಾಹದ ಬೆನ್ನಿಗೆ ಮುಂಬೈಯಲ್ಲಿ, 2018ರ ಆಗಸ್ಟ್ ನೆರೆಯ ನಂತರ ಕೇರಳದಲ್ಲಿ ಇದು ಜೋರಾಗಿ ಹರಡಿತು. ಅಂಡಮಾನ್‌ನಲ್ಲಿ ರಕ್ತ ಕಾರಿ ಜನ ಸಾಯುತ್ತಿದ್ದ ಜ್ವರವೊಂದಕ್ಕೆ ಬಹಳ ಕಾಲ ಕಾರಣವೇ ತಿಳಿದಿರಲಿಲ್ಲ, 'ಅಂಡಮಾನ್ ರಕ್ತಸ್ರಾವ ಜ್ವರ' ಅಂತಲೇ ಕರೆಯುತ್ತಿದ್ದರು. 1990ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಅದೂ ಇದೇ ಇಲಿ ಜ್ವರ! ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಹೆಚ್ಚು, ಗದ್ದೆ, ತೋಟದ ಕೆಲಸವೂ ಹೆಚ್ಚು. ಇಲ್ಲಿ ಇದು ಹೊಸ ಕಾಯಿಲೆ ಏನಲ್ಲ. 2015ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇಲಿ ಜ್ವರ ಬರುತ್ತದೆ, ಸುಮಾರು 59 ಸಾವಿರ ಜನ ಸಾಯುತ್ತಾರೆ.

ಲಕ್ಷಣ ಏನು?

ಬ್ಯಾಕ್ಟೀರಿಯಾ ಒಳಗೆ ಹೋಗಿ ಜ್ವರ ಕಾಣಿಸಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಕೆಲವರಿಗೆ ತಿಂಗಳವರೆಗೂ ಆಗಬಹುದು. ಅಂದರೆ ಇವತ್ತಿನ ಜ್ವರಕ್ಕೆ ಕಾರಣ ನಿನ್ನೆ ನೆನೆದ ಮಳೆ ಅಲ್ಲ, ಎರಡು ವಾರದ ಹಿಂದೆ ಚರಂಡಿ ನೀರು ನುಗ್ಗಿದಾಗ ಬರಿಗಾಲಲ್ಲಿ ಅಂಗಡಿ ತೊಳೆದದ್ದಿರಬಹುದು.

ಮೊದಲ ಹಂತದಲ್ಲಿ ಕಾಣುವುದು ಇವು:

- ಇದ್ದಕ್ಕಿದ್ದಂತೆ ಚಳಿ ಜ್ವರ, ಜೋರಾದ ತಲೆನೋವು
- ಮೀನಖಂಡ ಮತ್ತು ಸೊಂಟದಲ್ಲಿ ಮುಟ್ಟಿದರೆ ಸಾಕು ಎನ್ನುವಷ್ಟು ನೋವು
- ಎರಡೂ ಕಣ್ಣು ಕೆಂಪು, ಆದರೆ ಪಿಸುರು ಬರುವುದಿಲ್ಲ
- ವಾಂತಿ, ಹೊಟ್ಟೆನೋವು, ಕೆಲವರಿಗೆ ಭೇದಿ

ನೂರಕ್ಕೆ ತೊಂಬತ್ತು ಜನರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ. ಉಳಿದವರಲ್ಲಿ ಕಾಯಿಲೆ ಬಿಗಡಾಯಿಸಿ ಕಾಮಾಲೆ, ಕಿಡ್ನಿ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ, ಮೆದುಳಿನ ಪೊರೆಯ ಊತ ಆಗಬಹುದು. ಕಾಮಾಲೆ ಮತ್ತು ಕಿಡ್ನಿ ತೊಂದರೆ ಜೊತೆಯಾಗಿ ಬರುವ ಈ ರೂಪವನ್ನು 1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ವಿವರಿಸಿದರು, ಹಾಗಾಗಿ ಅದಕ್ಕೆ ವೈಲ್ ಕಾಯಿಲೆ ಎಂಬ ಹೆಸರೂ ಇದೆ. ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದ್ದು ಮಾತ್ರ ಸುಮಾರು 30 ವರ್ಷದ ನಂತರ, ಜಪಾನಿನಲ್ಲಿ, ಇನಾಡಾ ಮತ್ತು ಇಡೋ ಎಂಬ ವೈದ್ಯರ ಕೈಗೆ. ತುದಿ ಕೊಕ್ಕೆಯಂತೆ ಬಾಗಿ ಪ್ರಶ್ನಾರ್ಥಕ ಚಿಹ್ನೆ ಥರ ಕಾಣುವುದರಿಂದ ಅದಕ್ಕೆ 'ಇಂಟರೋಗನ್ಸ್' ಎಂದೇ ಹೆಸರು.

ತಪ್ಪಾಗೋದು ಇಲ್ಲೇ

ಮೊದಲನೆಯದು, ನೋವಿನ ಮಾತ್ರೆ. ಮೈಕೈ ನೋವು ತಡೆಯಲಾಗದೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದ ಮಾತ್ರೆ ತಂದು ನುಂಗುತ್ತಾರೆ. ಮೊದಲೇ ಬ್ಯಾಕ್ಟೀರಿಯಾ ಕಿಡ್ನಿ ಮೇಲೆ ದಾಳಿ ಮಾಡುತ್ತಿದ್ದರೆ ಈ ಮಾತ್ರೆ ಕಿಡ್ನಿಗೆ ಇನ್ನೊಂದು ಪೆಟ್ಟು. ಡೆಂಗಿ ಆಗಿದ್ದರೂ ಇವು ಒಳ್ಳೆಯದಲ್ಲ. ವೈದ್ಯರನ್ನು ಕಾಣುವವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್, ಅದೂ ಮಿತಿಯಲ್ಲಿ.

ಎರಡನೆಯದು, ಕಾಮಾಲೆಗೆ ನಾಟಿ ಔಷಧಿ. ಕಣ್ಣು ಹಳದಿಯಾದರೆ ಪಥ್ಯ ಹಿಡಿದು ಸೊಪ್ಪಿನ ರಸ ಕುಡಿಯುವುದು ನಮ್ಮಲ್ಲಿ ರೂಢಿ. ಹೆಪಟೈಟಿಸ್ ಎ ಥರದ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ, ಹಾಗಾಗಿ ಔಷಧಿಯಿಂದಲೇ ವಾಸಿಯಾಯ್ತು ಅಂತ ಜನ ನಂಬುತ್ತಾರೆ. ಇಲಿ ಜ್ವರದ ಕಾಮಾಲೆ ಆ ಥರದ್ದಲ್ಲ. ಜ್ವರ ಇರುವಾಗಲೇ ಅಥವಾ ಬಿಟ್ಟ ಬೆನ್ನಿಗೇ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಕೆಮ್ಮಿದಾಗ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂರು ದಿನದ ಪಥ್ಯಕ್ಕೆ ಕಾಯುವಷ್ಟು ಸಮಯ ಅಲ್ಲಿರುವುದಿಲ್ಲ.

ಮೂರನೆಯದು, ಪ್ಲೇಟ್‌ಲೆಟ್ ಲೆಕ್ಕ. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಅಂತ ಜನ ತೀರ್ಮಾನಿಸುತ್ತಾರೆ. ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಇಲಿ ಜ್ವರಕ್ಕೆ ಅದೇ ಮುಖ್ಯ ಔಷಧಿ. ಹಾಗಾಗಿ ಯಾವುದು ಅಂತ ತಿಳಿಯುವುದು ಮುಖ್ಯ.

ಪರೀಕ್ಷೆ ಮತ್ತು ಚಿಕಿತ್ಸೆ

ಸಾಮಾನ್ಯವಾಗಿ ಮಾಡುವುದು ಐಜಿಎಂ ಎಂಬ ರಕ್ತ ಪರೀಕ್ಷೆ. ಇದು ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಪ್ರತಿಕಾಯ ತಯಾರಾಗಲು 5ರಿಂದ 7 ದಿನ ಹಿಡಿಯುತ್ತದೆ. ಜ್ವರ ಬಂದ ಎರಡನೇ ದಿನ ಮಾಡಿಸಿದರೆ ಕಾಯಿಲೆ ಇದ್ದರೂ 'ನೆಗೆಟಿವ್' ಅಂತ ಬರಬಹುದು. ಮೊದಲ ವಾರದಲ್ಲಿ ಪಿಸಿಆರ್ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ರೋಗಿ ಏನು ಕೆಲಸ ಮಾಡುತ್ತಾರೆ, ಯಾವ ನೀರಿಗೆ ಇಳಿದಿದ್ದರು ಎನ್ನುವುದನ್ನು ಕೇಳಿ, ಅನುಮಾನ ಬಂದರೆ ರಿಪೋರ್ಟ್‌ಗೆ ಕಾಯದೆ ವೈದ್ಯರು ಚಿಕಿತ್ಸೆ ಶುರು ಮಾಡುತ್ತಾರೆ. 'ರಿಪೋರ್ಟ್ ಬರುವ ಮೊದಲೇ ಔಷಧಿ ಯಾಕೆ?' ಅಂತ ಗಲಾಟೆ ಮಾಡುವುದು ಬೇಡ. ಕ್ರಿಯಾಟಿನಿನ್, ಬಿಲಿರುಬಿನ್ ಪರೀಕ್ಷೆ ಬರೆದುಕೊಟ್ಟರೆ ಅದು ಕಿಡ್ನಿ, ಲಿವರ್ ಹೇಗಿವೆ ಅಂತ ನೋಡಲು.

ಸಾಧಾರಣ ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ ಏಳು ದಿನ. ತೀವ್ರವಾದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಸಮಾಧಾನದ ವಿಷಯ ಏನೆಂದರೆ, ಈ ಘಟ್ಟ ದಾಟಿದವರಲ್ಲಿ ಹೆಚ್ಚಿನವರ ಕಿಡ್ನಿ ಮತ್ತೆ ಸರಿಯಾಗುತ್ತದೆ, ಜೀವನಪೂರ್ತಿ ಡಯಾಲಿಸಿಸ್ ಬೇಕಾಗುವುದು ಅಪರೂಪ.

ಇನ್ನೊಂದು ವಿಷಯ. ಸ್ಪೈರೋಕೀಟ್ ಕಾಯಿಲೆಗಳಲ್ಲಿ ಮೊದಲ ಡೋಸ್ ಕೊಟ್ಟ ಕೆಲವೇ ಗಂಟೆಯಲ್ಲಿ ಕೆಲವರಿಗೆ ಚಳಿ, ಜ್ವರ ಜಾಸ್ತಿಯಾಗುತ್ತದೆ. ಜನ ಇದನ್ನು 'ಔಷಧಿ ಹೀಟ್ ಆಯ್ತು' ಅಂದುಕೊಂಡು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಬ್ಯಾಕ್ಟೀರಿಯಾಗಳು ಒಟ್ಟಿಗೆ ಸತ್ತು ಒಡೆದಾಗ ಆಗುವ ಪ್ರತಿಕ್ರಿಯೆ ಇದು, ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ವೈದ್ಯರಿಗೆ ತಿಳಿಸಿ, ಔಷಧಿ ಮಾತ್ರ ನಿಲ್ಲಿಸಬೇಡಿ. ಆದರೆ ಮೈ ತುಂಬ ದದ್ದು ಎದ್ದು, ಮುಖ ಊದಿ, ಉಸಿರಾಟ ಕಷ್ಟವಾದರೆ ಅದು ಅಲರ್ಜಿ. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಂಗಡಿಯವರು ಏನು ಮಾಡಬೇಕು?

- ಮೂಟೆಗಳನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಕೆಳಗೆ ಹಲಗೆ ಕೊಟ್ಟು ಎತ್ತರಿಸಿ, ಗೋಡೆ ಬದಿ ಗುಡಿಸಲು ಜಾಗ ಬಿಡಿ.
- ಶಟರ್ ಕೆಳಗಿನ ಸಂದಿ, ಪೈಪ್ ಹೋಗುವ ತೂತು ಮುಚ್ಚಿಸಿ.
- ರಾತ್ರಿ ಬಾಗಿಲು ಹಾಕುವಾಗ ಕಸ, ಉಳಿದ ಆಹಾರ ಹೊರಗೆ ಬಿಡಬೇಡಿ.
- ಚರಂಡಿ ನೀರು ನುಗ್ಗಿದರೆ ಗಮ್‌ಬೂಟ್, ಗ್ಲೌಸ್ ಹಾಕದೆ ಇಳಿಯಬೇಡಿ. ಕೆಲಸದ ಹುಡುಗರಿಗೂ ಕೊಡಿಸಿ. ನೀರು ಇಳಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಚೆನ್ನಾಗಿ ಒಣಗಲು ಬಿಡಿ.
- ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ.
- ಗಾಯ ಇದ್ದರೆ ನೀರು ತಾಗದ ಪಟ್ಟಿ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈಕಾಲು ಸೋಪು ಹಾಕಿ ತೊಳೆಯಿರಿ.

ತಂಪು ಪಾನೀಯದ ಕ್ಯಾನ್ ಮೇಲೆ ಇಲಿ ಮೂತ್ರ ಇತ್ತು, ಕುಡಿದವರು ಸತ್ತರು ಎಂಬ ವಾಟ್ಸ್‌ಆ್ಯಪ್ ಮೆಸೇಜ್ ವರ್ಷ ವರ್ಷ ಸುತ್ತುತ್ತದೆ. ಒಣಗಿದ ತಗಡಿನ ಮೇಲೆ ಈ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ. ಕ್ಯಾನ್, ಬಾಟಲಿ ಒರೆಸಿ ಕೊಡುವುದು ಒಳ್ಳೆಯ ಅಭ್ಯಾಸವೇ, ಆದರೆ ನಿಜವಾದ ಅಪಾಯ ಇರುವುದು ಕಾಲಡಿಯ ಕೊಳಕು ನೀರಿನಲ್ಲಿ.

ನೆರೆಯ ಸಮಯದಲ್ಲಿ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಇದೆ, ಕೇರಳದಲ್ಲಿ 2018ರಲ್ಲಿ ಕೊಟ್ಟಿದ್ದರು. ಇದು ಆರೋಗ್ಯ ಇಲಾಖೆ ಅಥವಾ ವೈದ್ಯರು ಹೇಳಿದರೆ ಮಾತ್ರ. ಗರ್ಭಿಣಿಯರು, ಸಣ್ಣ ಮಕ್ಕಳು ತಾವಾಗಿಯೇ ತೆಗೆದುಕೊಳ್ಳುವ ಮಾತ್ರೆ ಇದಲ್ಲ. ಹಸು ಕಂದು ಹಾಕಿದರೆ ಮಾಸು, ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಸಾಕುನಾಯಿಗೆ ಹಾಕಿಸುವ ಲಸಿಕೆಗಳಲ್ಲಿ ಇಲಿ ಜ್ವರದ್ದೂ ಇರುತ್ತದೆ, ಕೇಳಿ ಹಾಕಿಸಿ.

ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಮಾತ್ರೆ ನುಂಗುವವರೇ, ಗಮನಿಸಿ

ಹೊಟ್ಟೆ ಹುಣ್ಣಿಗೆ ಖಾರ, ಟೆನ್ಷನ್, ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು ಕಾರಣ ಅಂತ ಬಹಳ ಕಾಲ ವೈದ್ಯರೂ ನಂಬಿದ್ದರು. ಹೊಟ್ಟೆಯ ಆ್ಯಸಿಡ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಲಾರದು ಅನ್ನೋದು ಆಗಿನ ಪಾಠ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಹೊಟ್ಟೆಯ ತುಣುಕಿನಲ್ಲಿ ಸುರುಳಿ ಬ್ಯಾಕ್ಟೀರಿಯಾ ಕಂಡರು. 1982ರಲ್ಲಿ ಈಸ್ಟರ್ ರಜೆಯಲ್ಲಿ ಹೆಚ್ಚು ದಿನ ಹಾಗೇ ಉಳಿದ ಲ್ಯಾಬ್ ತಟ್ಟೆಯಲ್ಲಿ ಅದು ಬೆಳೆದು ನಿಂತಿತ್ತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಸ್ವತಃ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರಾವಣ ಕುಡಿದರು, ಕೆಲವೇ ದಿನದಲ್ಲಿ ಹೊಟ್ಟೆಯ ಉರಿಯೂತ ಶುರುವಾಯ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಹೆಲಿಕೋಬ್ಯಾಕ್ಟರ್ ಪೈಲೋರಿ ತನ್ನ ಸುತ್ತ ಅಮೋನಿಯಾ ತಯಾರಿಸಿ ಆ್ಯಸಿಡ್ ಅನ್ನು ತಣಿಸಿಕೊಂಡು, ಸುರುಳಿ ಮೈಯಿಂದ ಲೋಳೆಯೊಳಗೆ ಹೊಕ್ಕು ಕೂರುತ್ತದೆ. ಸಾಮಾನ್ಯವಾಗಿ ಚಿಕ್ಕಂದಿನಲ್ಲಿ ಮನೆಯವರಿಂದ, ಕೊಳಕು ನೀರು, ಆಹಾರದಿಂದ ಬರುತ್ತದೆ. ಬಹಳ ಜನರ ಹೊಟ್ಟೆಯಲ್ಲಿ ಸುಮ್ಮನೆ ಇರುತ್ತದೆ, ಕೆಲವರಿಗೆ ಮಾತ್ರ ಹುಣ್ಣು ಮಾಡುತ್ತದೆ. ಹೊಟ್ಟೆಯ ಕ್ಯಾನ್ಸರ್‌ಗೂ ಇದು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಹೇಳಿದೆ. ಉಸಿರು, ಮಲ ಅಥವಾ ಎಂಡೋಸ್ಕೋಪಿ ಮೂಲಕ ಪರೀಕ್ಷಿಸಬಹುದು. ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆ ತಪ್ಪಾಗಿ ನೆಗೆಟಿವ್ ಬರಬಹುದು, ಆದ್ದರಿಂದ ಅದನ್ನು ಮೊದಲೇ ಹೇಳಿ. ಚಿಕಿತ್ಸೆ ಎರಡು ಅಥವಾ ಹೆಚ್ಚು ಆ್ಯಂಟಿಬಯಾಟಿಕ್ ಸೇರಿದ ಕೋರ್ಸ್, ಸಾಮಾನ್ಯವಾಗಿ 14 ದಿನ. ಉರಿ ಕಡಿಮೆಯಾಯ್ತು ಅಂತ ನಾಲ್ಕೇ ದಿನಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡಬೇಡಿ.

ಹೇಳಿಕೊಳ್ಳಲು ನಾಚುವ ಕಾಯಿಲೆ

ಸಿಫಿಲಿಸ್ ತರುವ ಸುರುಳಿ ಬ್ಯಾಕ್ಟೀರಿಯಾ 1905ರಲ್ಲಿ ಬರ್ಲಿನ್‌ನಲ್ಲಿ ಪತ್ತೆಯಾಯ್ತು. ಲೈಂಗಿಕ ಸಂಪರ್ಕದಿಂದ ಬರುವ ಇದರ ಮೊದಲ ಗುರುತು ಒಂದು ನೋವಿಲ್ಲದ ಹುಣ್ಣು. ನೋವಿಲ್ಲ, ಔಷಧಿ ಮಾಡದೆಯೂ ಕೆಲವು ವಾರದಲ್ಲಿ ಮಾಯುತ್ತದೆ, ಹಾಗಾಗಿ ಜನ ಮರೆತುಬಿಡುತ್ತಾರೆ. ಆದರೆ ಕಾಯಿಲೆ ಒಳಗೇ ಇರುತ್ತದೆ. ನಂತರ ಅಂಗೈ, ಅಂಗಾಲಿನಲ್ಲಿ ತುರಿಕೆಯಿಲ್ಲದ ಕಲೆಗಳು ಬರಬಹುದು. ಅವೂ ಮಾಯುತ್ತವೆ. ವರ್ಷಗಳ ನಂತರ ಹೃದಯ, ಮೆದುಳಿಗೆ ತೊಂದರೆ. ಗರ್ಭಿಣಿಗೆ ಇದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಅಥವಾ ಕಾಯಿಲೆಯೊಂದಿಗೇ ಹುಟ್ಟಬಹುದು. ಅದಕ್ಕೇ ಗರ್ಭಿಣಿಯರ ರಕ್ತ ಪರೀಕ್ಷೆಯಲ್ಲಿ ಇದೂ ಸೇರಿದೆ. ಮೊದಲ ಹಂತದಲ್ಲಿ ಪೆನಿಸಿಲಿನ್‌ನ ಒಂದೇ ಇಂಜೆಕ್ಷನ್ ಸಾಕಾಗುತ್ತದೆ. ಗಂಡ, ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗುಟ್ಟಾಗಿ ಮಾತಾಡಿ ಚಿಕಿತ್ಸೆ ಪಡೆಯಬಹುದು.

ಇದೇ ಬ್ಯಾಕ್ಟೀರಿಯಾದ ಸೋದರ ಸಂಬಂಧಿಯೊಂದು ಯಾಸ್ ಎಂಬ ಚರ್ಮದ ಕಾಯಿಲೆ ತರುತ್ತಿತ್ತು. ಬುಡಕಟ್ಟು ಜನರ ಊರೂರಿಗೆ ಹೋಗಿ ಪೆನಿಸಿಲಿನ್ ಕೊಟ್ಟದ್ದರಿಂದ 2003ರ ನಂತರ ದೇಶದಲ್ಲಿ ಹೊಸ ಪ್ರಕರಣ ಕಂಡಿಲ್ಲ. 2016ರಲ್ಲಿ ಭಾರತವನ್ನು ಯಾಸ್ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಉಣ್ಣೆ ಕಚ್ಚಿದರೆ ಇದೇನಾ?

ಅಮೆರಿಕ, ಯೂರೋಪಿನಲ್ಲಿ ಉಣ್ಣೆಯಿಂದ ಬರುವ ಲೈಮ್ ಕಾಯಿಲೆ, ಹೇನಿನಿಂದ ಹರಡುವ ಮರುಕಳಿಸುವ ಜ್ವರ, ಇಲಿ ಕಚ್ಚಿದಾಗ ಬರುವ ಒಂದು ಬಗೆಯ ಜ್ವರ, ಇವೂ ಸುರುಳಿ ಬ್ಯಾಕ್ಟೀರಿಯಾಗಳದ್ದೇ. ಆದರೆ ಮಲೆನಾಡಿನಲ್ಲಿ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಅದು ವೈರಸ್. ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಕಾಡಿಗೆ ಹೋಗಿ ಬಂದು ಜ್ವರ ಬಂದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಡಾಕ್ಟರ್ ಮುಂದೆ ಹೇಳಬೇಕಾದ್ದು

ತಾಲೂಕು ಆಸ್ಪತ್ರೆಯ ಒಪಿಡಿಯಲ್ಲಿ ಮಳೆಗಾಲದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. 'ಜ್ವರ, ಮೈಕೈ ನೋವು' ಅಂದರೆ ಹತ್ತು ಕಾಯಿಲೆಗೆ ಹೊಂದುತ್ತದೆ. ಅದರ ಬದಲು ನಾಲ್ಕು ಮಾತು ಹೇಳಿ: ಜ್ವರ ಬಂದು ಎಷ್ಟು ದಿನವಾಯ್ತು, ಕಳೆದ ಒಂದು ತಿಂಗಳಲ್ಲಿ ಗದ್ದೆ, ಚರಂಡಿ, ನೆರೆ ನೀರಿಗೆ ಇಳಿದಿದ್ದಿರಾ, ಮನೆ, ಗೋಡೌನ್‌ನಲ್ಲಿ ಇಲಿ ಇದೆಯಾ, ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ. ಕೈಕಾಲಲ್ಲಿ ಗಾಯ ಇದ್ದರೆ ತೋರಿಸಿ. ಇಷ್ಟು ಹೇಳಿದರೆ ಇಲಿ ಜ್ವರದ ಅನುಮಾನ ಮೊದಲ ದಿನವೇ ಬರುತ್ತದೆ, ಚಿಕಿತ್ಸೆಯೂ ಆ ದಿನವೇ ಶುರುವಾಗುತ್ತದೆ.